ಮೂರು ಬಾರಿ ಕೇಳತಕ್ಕದ್ದು

ಅಕ್ಟೋಬರ್ ೭, ಮಂಗಳವಾರ

ಪ್ರತಿದಿನ ಆತ್ಮವಿಮರ್ಶೆ ಮಾಡಿಕೊಳ್ಳದವರು ಜನರ ಮುಂದೆ ನಿಲ್ಲಲು ಅರ್ಹರಲ್ಲ ಎಂದು ಕ್ರಾಂತಿಕಾರಿಗಳ ಕೆಂಪು ರಟ್ಟಿನ ಕಿರುಹೊತ್ತಿಗೆ ಹೇಳುತ್ತದೆ. ಆದ್ದರಿಂದ ಈ ದಿನಚರಿ. ನಾನಲ್ಲದೆ ಇದನ್ನು ಯಾರೂ ಓದಕೂಡದು, ಮುಖ್ಯವಾಗಿ ಅಮ್ಮ.

ಬೆಳಿಗ್ಗೆ ಅಂಗಡಿಯಲ್ಲಿ ಯಾರದೋ ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿದ್ದೆ. ಅಪ್ಪ ಗಿರಾಕಿಯೊಬ್ಬನ ಸೊಂಟಕ್ಕೆ ಟೇಪು ಸುತ್ತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದರು. ಎದುರು ರಸ್ತೆಯಿಂದ ಬೇಕರಿ ಮಾವ ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಓಡಿ ಬಂದು, "ಊರಿಗೆ ಸಮುದ್ರ ನುಗ್ಗಿದೆ!" ಅಂದರು.

ನಮ್ಮ ಬೀದಿಯಲ್ಲಿ ಊರು ಎಂದರೆ ಒಂದೇ. ನಾವು ಬಾಡಿಗೆ ಕಟ್ಟಿಕೊಂಡು ಬದುಕುವ ಈ ಪಟ್ಟಣವನ್ನು ಯಾರೂ ಊರು ಅನ್ನುವುದಿಲ್ಲ, ನನ್ನಂಥವರು ಹುಟ್ಟಿದ್ದೇ ಇಲ್ಲಾದರೂ. ಊರು ಸಮುದ್ರದಾಚೆ ಇದೆ. ಅಲ್ಲಿ ನನ್ನ ಅತ್ತೆ, ಅಪ್ಪನ ಒಬ್ಬಳೇ ತಂಗಿ, ಶಾಲೆ ನಡೆಸುತ್ತಾಳೆ.

ಅಪ್ಪ ಟೇಪನ್ನು ಅಲ್ಲೇ ಬಿಟ್ಟು ಫೋನಿಗೆ ಓಡಿದರು. ಹತ್ತಲಿಲ್ಲ. ಮತ್ತೆ ಮಾಡಿದರು, ಮತ್ತೆ ಮಾಡಿದರು. ಗಿರಾಕಿ "ನನ್ನ ಸೊಂಟ?" ಅಂದ. ಯಾರೂ ಉತ್ತರಿಸದಿದ್ದಾಗ ಪಾಪ, ತಾನೇ ಅಳತೆ ನೋಡಿ ಬರೆದಿಟ್ಟು ಹೋದ. ಎರಡಿಂಚು ಕಡಿಮೆಯೇ ಬರೆದಿದ್ದಾನೆ.

ಸಂಜೆ ನಮ್ಮ ಊರಿನವರ ಸಂಘದ ಹಾಲಿನಲ್ಲಿ ಇಡೀ ಬೀದಿ ಸೇರಿತ್ತು. ಸಂಘದ ಅಧ್ಯಕ್ಷರು ಅಪ್ಪನೇ. ಯಾರೂ ಬಾಯಿ ಬಿಡುವ ಮೊದಲೇ ಜನ ಹಳೇ ಬಟ್ಟೆ ತಂದು ಸುರಿಯತೊಡಗಿದ್ದರು. ಸೆಕೆಯ ಊರಿಗೆ ಉಣ್ಣೆಯ ಕೋಟು! ನಾನು ಮೇಜು ಹತ್ತಿ ನಿಂತೆ. ದಾನವೆಂಬುದು ಕೊಡುವವನ ಆತ್ಮಸಂತೋಷ, ನಮಗೆ ಸರ್ಕಾರದ ಭಿಕ್ಷೆಯೂ ಬೇಡ ಶ್ರೀಮಂತರ ಕನಿಕರವೂ ಬೇಡ, ಜನರ ಒಗ್ಗಟ್ಟೇ ಸಾಕು ಎಂದು ಗಂಟಲು ಹರಿಯುವಂತೆ ಹೇಳಿದೆ. ಬೇಕರಿ ಮಾವ ಬಹಳ ಗಮನವಿಟ್ಟು ಕೇಳಿದರು. ಆಮೇಲೆ, "ಮುಗೀತಾ ಮಗಳೇ? ಸ್ವಲ್ಪ ಇಳಿ. ಕಂಬಳಿ ಇಡೋಕೆ ಮೇಜು ಬೇಕು" ಅಂದರು.

ಆತ್ಮವಿಮರ್ಶೆ: ಇಂದು ನನ್ನಲ್ಲಿ ದೋಷವೇನೂ ಕಾಣಲಿಲ್ಲ.

ಅಕ್ಟೋಬರ್ ೮, ಬುಧವಾರ

ಅತ್ತೆ ಬದುಕಿದ್ದಾಳೆ! ಬೆಳಿಗ್ಗೆ ಅವಳೇ ಫೋನು ಮಾಡಿದಳು. ಯಾರದೋ ಬೈಕಿನ ಬ್ಯಾಟರಿಯಿಂದ ಚಾರ್ಜು ಮಾಡಿಕೊಂಡಳಂತೆ.

"ಅಣ್ಣಾ, ಚೆನ್ನಾಗಿದೀಯಾ? ಅತ್ತಿಗೆ ಮಂಡಿನೋವು ಹೇಗಿದೆ?"

"ಮಂಡಿ ಹಾಳಾಗ್ಲಿ! ನೀನು ಹೇಗಿದೀಯ ಹೇಳು!" ಅಪ್ಪ ಕಿರುಚಿದರು.

"ನನ್ನ ಮಂಡಿ ಯಾಕೆ ಹಾಳಾಗ್ಬೇಕು?" ಅಮ್ಮ ಒಲೆಯ ಮುಂದಿನಿಂದಲೇ ಅಂದಳು. ಅಷ್ಟು ಹೊತ್ತೂ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದವಳು ಅವಳೇ.

ಕೆಳಗಿನ ಕೇರಿಯವರೆಲ್ಲ ಶಾಲೆಯ ಮೇಲಂತಸ್ತಿನಲ್ಲಿದ್ದಾರೆ. ಬಾವಿಗಳಿಗೆಲ್ಲ ಸಮುದ್ರ ಬಂದುಬಿಟ್ಟಿದೆ. "ಎಲ್ಲಿ ನೋಡಿದ್ರೂ ನೀರೇ ಅಣ್ಣಾ, ಕುಡಿಯೋಕೆ ಮಾತ್ರ ಇಲ್ಲ. ಮಳೆ ನೀರು ಹಿಡಿದಿಟ್ಟಿದೀವಿ, ಸ್ವಲ್ಪ ದಿನ ಬರುತ್ತೆ. ನೀವು ಗಾಬರಿ ಆಗ್ಬೇಡಿ. ನಮಗೇನೂ ಬೇಡ." ಅಲ್ಲಿಗೆ ಫೋನು ಸತ್ತಿತು.

ಎಂಥ ಧೀರೆ! ನಮಗೇನೂ ಬೇಡ! ಕಿರುಹೊತ್ತಿಗೆಯ ಪುಟಪುಟದಲ್ಲೂ ಹುಡುಕುವ ಸ್ವಾವಲಂಬಿ ಮನುಷ್ಯ ನಮ್ಮ ಮನೆಯಲ್ಲೇ ಹುಟ್ಟಿದ್ದಾಳೆ. ನಾನು ಹೀಗೆಂದಾಗ ಅಪ್ಪ ನನ್ನ ಮುಖವನ್ನೇ ನೋಡಿದರು. ಅಂಗಡಿಗೆ ಹೋಗಿ ದಾರ ಪೋಣಿಸದೆ ಬಹಳ ಹೊತ್ತು ಮಿಷನ್ ತುಳಿದರು. ಬಟ್ಟೆಯ ತುಂಬ ಬರೀ ತೂತು.

ಆತ್ಮವಿಮರ್ಶೆ: ಅತ್ತೆಯ ಬಗ್ಗೆ ಹೆಮ್ಮೆಪಟ್ಟೆ. ಇದು ಕುಟುಂಬಮೋಹ ಇರಬಹುದು.

ಅಕ್ಟೋಬರ್ ೯, ಗುರುವಾರ

ಐತಿಹಾಸಿಕ ದಿನ. ವಿವರವಾಗಿ ಬರೆಯುತ್ತೇನೆ.

ಪುರಸಭೆಯ ತುರ್ತು ವಿಭಾಗದ ಅಧಿಕಾರಿ ಸಂಘದ ಹಾಲಿಗೆ ತಾವಾಗಿಯೇ ಬಂದರು. ಸಣ್ಣ ಜೀವ, ದೊಡ್ಡ ಚೀಲ. ಚೀಲದಿಂದ ಸ್ಟೇಪ್ಲರ್ ತೆಗೆದು ಮೇಜಿನ ಮೇಲಿಟ್ಟ ಮೇಲೆಯೇ ನಮಸ್ಕಾರ ಹೇಳಿದರು. ಕೈಗೆ ಯಾವ ಎರಡು ಕಾಗದ ಸಿಕ್ಕರೂ ಟಪ್ ಎಂದು ಹೊಡೆಯುತ್ತಾರೆ. ಬೇಕರಿ ಮಾವನ ಬ್ರೆಡ್ಡಿನ ಪೊಟ್ಟಣಕ್ಕೂ ಒಂದು ಹೊಡೆದರು. ಹಾಲಿನಲ್ಲಿ ಆಗಲೇ ಅವರಿಗೆ ಸ್ಟೇಪ್ಲರಮ್ಮ ಎಂದು ಹೆಸರಾಯಿತು. ಹಿರಿಯರಿಗೆ ಇಲ್ಲಿಯ ಭಾಷೆ ಅಂಗಡಿ ವ್ಯವಹಾರಕ್ಕಷ್ಟೇ ಬರುವುದರಿಂದ ನಾನು ನಡುವೆ ನಿಂತು ಎರಡೂ ಕಡೆಗೆ ಹೇಳುತ್ತಿದ್ದೆ.

ಪುರಸಭೆಯಲ್ಲಿ ಗಾಡಿಯ ಮೇಲೆ ಕೂರಿಸಿದ ಒಂದು ಯಂತ್ರವಿದೆಯಂತೆ. ಉಪ್ಪುನೀರು, ಕೊಳಕು ನೀರು, ಯಾವುದನ್ನೇ ಹಾಕಿದರೂ ಕುಡಿಯುವ ನೀರಾಗಿ ಹೊರಬರುತ್ತದೆ. ಇಲ್ಲಿ ಕೊಳವೆ ಒಡೆದಾಗ ಬಳಸುವುದಕ್ಕೆಂದು ತಂದದ್ದು, ಈಗ ಸುಮ್ಮನೆ ಶೆಡ್ಡಿನಲ್ಲಿದೆ. ಮುಂದಿನ ವಾರ ಸರ್ಕಾರದ ಸರಕು ವಿಮಾನ ನಮ್ಮ ಊರಿನ ಕಡೆಗೆ ಹೊರಡಲಿದೆ. ಸಂಘ ಹೂಂ ಅಂದರೆ ಅದರಲ್ಲಿ ಯಂತ್ರವನ್ನೂ ಒಬ್ಬ ಮೆಕ್ಯಾನಿಕ್‌ನನ್ನೂ ಕಳಿಸುತ್ತಾರೆ. "ನಿಮಗೆ ಇದು ಬೇಕೇ?" ಎಂದು ಕೇಳಿದರು.

ಅಪ್ಪ ಎದ್ದು ನಿಂತರು. ಎದೆಯ ಮೇಲೆ ಕೈಯಿಟ್ಟು, "ಅಯ್ಯೋ, ಬೇಡ ಬೇಡ. ನಿಮಗ್ಯಾಕೆ ತೊಂದರೆ? ನೀವು ಬಂದದ್ದೇ ದೊಡ್ಡದು" ಅಂದರು.

ನನ್ನ ಮೈ ರೋಮಾಂಚನಗೊಂಡಿತು. ನನ್ನ ತಂದೆ! ಜೀವಮಾನವಿಡೀ ಗಿರಾಕಿಗಳ ಮುಂದೆ ಬಗ್ಗಿದ ಮನುಷ್ಯ ಅಧಿಕಾರದ ಮುಂದೆ ಎದ್ದು ನಿಂತು ಬೇಡ ಅಂದರು! ನಾನು ಅದನ್ನು ತಕ್ಕ ಗಾಂಭೀರ್ಯದಿಂದ ಹೇಳಿದೆ: "ನಮಗೆ ಬೇಡ. ನಮ್ಮ ಜನ ಸ್ವಾಭಿಮಾನಿಗಳು." ಎರಡನೆಯ ವಾಕ್ಯ ನನ್ನದು. ಸ್ಟೇಪ್ಲರಮ್ಮ ಒಂದು ಕ್ಷಣ ಸುತ್ತ ನೋಡಿದರು. ಎಲ್ಲ ಹಿರಿಯರೂ ಮುಗುಳ್ನಗುತ್ತಿದ್ದರು. ಅವರು ಬರೆದುಕೊಂಡರು, ಟಪ್ ಅನ್ನಿಸಿದರು, ಕೈಮುಗಿದು ಹೊರಟುಹೋದರು.

ಹಿರಿಯರು ಮುಗುಳ್ನಗುತ್ತಲೇ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬೇಕರಿ ಮಾವ, "ಎಲ್ಲಿಗೆ ಹೋದ್ರು?" ಅಂದರು.

"ಕಾರಿಂದ ಏನೋ ತರೋಕೆ ಹೋಗಿರ್ಬೇಕು" ಅಂದರು ಅಪ್ಪ.

ಅವರಿಗೆಂದು ಬಗ್ಗಿಸಿದ ಚಹಾದ ಮೇಲೆ ತಟ್ಟೆ ಮುಚ್ಚಿಟ್ಟು ಕಾದರು. ನನಗೆ ಕಾಯಲು ಸಮಯವಿರಲಿಲ್ಲ. ಸಂಗಾತಿಯ ಬಳಿಗೆ ಓಡಿದೆ. ಸೈಕಲ್ ರಿಪೇರಿ ಮಾಡುವ ಸಂಗಾತಿ ಮತ್ತು ನಾನು, ಇಬ್ಬರೇ ನಮ್ಮ ಅಧ್ಯಯನ ವಲಯ. ಭಿನ್ನಾಭಿಪ್ರಾಯ ಬಂದರೆ ಮತ ಸಮವಾಗುತ್ತದೆ, ಅದೊಂದು ತೊಡಕು. ಇಂದು ಮಾತ್ರ ಸರ್ವಾನುಮತ. 'ಬೇಡವೆಂದ ಜನ' ಎಂಬ ಕರಪತ್ರ ಬರೆದು, ಪುರಸಭೆಯ ಗೋಡೆಗೆ ಅಂಟಿಸಿ, ಪಟ್ಟಣದ ಪತ್ರಿಕೆಗೂ ಕೊಟ್ಟು ಬಂದೆವು.

ಆತ್ಮವಿಮರ್ಶೆ: ಅಪ್ಪನನ್ನು ಇಷ್ಟು ವರ್ಷ ಕಡಿಮೆ ಅಂದಾಜು ಮಾಡಿದ್ದೆ.

ಅಕ್ಟೋಬರ್ ೧೧, ಶನಿವಾರ

ಪತ್ರಿಕೆಯಲ್ಲಿ ಬಂದಿದೆ. ಬೇಕರಿ ಮಾವ ತಂದು ಅಪ್ಪನ ಮುಂದೆ ಹಾಸಿದರು. "ಏನಿದು, ಓದು" ಅಂದರು ಅಪ್ಪ. ನಾನು ಭಾವಪೂರ್ಣವಾಗಿ ಓದಿದೆ.

"ಬೇಡ ಅಂದದ್ದು ಯಾರು?"

"ನೀವೇ ಅಪ್ಪ."

"ನಾನು ಒಂದ್ಸಲ ಅಂದೆ!"

"ಅವರು ಮತ್ತೆ ಕೇಳ್ಲೇ ಇಲ್ವಲ್ಲ!" ಬೇಕರಿ ಮಾವ ಹಿಟ್ಟಿನ ಕೈಯಿಂದ ಹಣೆ ಚಚ್ಚಿಕೊಂಡರು. "ನಾವು ಅಷ್ಟು ಹೊತ್ತು ಕಾದ್ವಿ. ಚಹಾ ಕೆನೆಗಟ್ಟಿ ಹೋಯ್ತು!"

ನನಗೆ ತಿಳಿಯದ್ದೇನಲ್ಲ. ನಮ್ಮಲ್ಲಿ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲಕ್ಕೆ ಒಪ್ಪಬೇಕು. ಮೊದಲ ಸಲವೇ ಹೂಂ ಅಂದವನಿಗೆ ಹಸಿದುಬಿದ್ದವನು ಅನ್ನುತ್ತಾರೆ. ಒಂದೇ ಸಲ ಕೇಳಿ ಬಿಟ್ಟವನಿಗೆ ಕೊಡುವ ಮನಸ್ಸೇ ಇರಲಿಲ್ಲ ಅನ್ನುತ್ತಾರೆ. ಆದರೆ ಇದು ಊಟ ಬಡಿಸುವಾಗಿನ, ನೆಂಟರ ಮನೆಯ ಮಾತು ಎಂದುಕೊಂಡಿದ್ದೆ. ರಾಜಕೀಯದಲ್ಲೂ ಲಾಗೂ ಆಗುತ್ತದೆಂದು ಯಾವ ಕಿರುಹೊತ್ತಿಗೆಯಲ್ಲೂ ಇಲ್ಲ.

ಇದು ಪಾಳೇಗಾರಿ ಕಾಲದ ಸೋಗು, ಬೇಡ ಅಂದರೆ ಬೇಡ ಎಂದೇ ಅರ್ಥವಾಗಬೇಕು ಎಂದು ವಿವರಿಸತೊಡಗಿದೆ. ಅಮ್ಮ ಬಟಾಣಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಅಲ್ಲಮ್ಮಾ ಕ್ರಾಂತಿ" ಅಂದಳು. ಅಮ್ಮ ನನ್ನನ್ನು ಹಾಗೇ ಕರೆಯುವುದು. "ನಿಮ್ಮತ್ತೆ ನಿನ್ನ ಸ್ವಾಭಿಮಾನಾನ ಲೋಟಕ್ಕೆ ಬಗ್ಗಿಸ್ಕೊಂಡು ಕುಡೀತಾಳೇನೇ?"

ಆತ್ಮವಿಮರ್ಶೆ:

ಅಕ್ಟೋಬರ್ ೧೩, ಸೋಮವಾರ

ಪುರಸಭೆಗೆ ಹೋದೆ. ಶತ್ರುವಿನ ಕೋಟೆ ಹೇಗಿರುತ್ತದೆಂದು ನೋಡುವ ಉದ್ದೇಶವೂ ಇತ್ತು. ಫಿನಾಯಿಲ್ ವಾಸನೆ, ಒಣಗಿದ ಒಂದು ಕುಂಡದ ಗಿಡ, ಸರದಿ ಚೀಟಿ ಉಗುಳುವ ಯಂತ್ರ. ಇತಿಹಾಸ ನನ್ನನ್ನು ಚೀಟಿಯ ಸಂಖ್ಯೆ ಹಿಡಿದು ಕರೆಯುತ್ತದೆಂದು ಎಣಿಸಿರಲಿಲ್ಲ. ನನ್ನ ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ಬೀದಿದೀಪದ ಬಗ್ಗೆ ದೂರಲು ಬಂದಿದ್ದಳು. ನನ್ನ ಸರದಿ ಬರುವಷ್ಟರಲ್ಲಿ ಆ ದೀಪದ ಇಡೀ ಜೀವನಚರಿತ್ರೆ ನನಗೆ ಬಾಯಿಪಾಠವಾಗಿತ್ತು.

ಸ್ಟೇಪ್ಲರಮ್ಮನ ಕೋಣೆ ಮೆಟ್ಟಿಲ ಕೆಳಗಿದೆ. ಎದ್ದು ನಿಂತರೆ ತಲೆ ತಾಗುತ್ತದೆ, ಹಾಗಾಗಿ ಅವರು ಕೂತೇ ಇರುತ್ತಾರೆ. ನಾನು ವಿಷಯ ಹೇಳಿದೆ. ಅವರು ಕಡತ ತೆಗೆದರು. ಮೇಲುಗಡೆಯೇ ನನ್ನ ಕರಪತ್ರ.

"ಪುರಾವೆ ಅಂತ ಲಗತ್ತಿಸಿದೀನಿ. ಬಹಳ ಸ್ಪಷ್ಟವಾಗಿ ಬರೆದಿದ್ದೀರಿ. ನಮ್ಮ ಕಚೇರಿಯಲ್ಲಿ ಹೀಗೆ ಬರೆಯೋರು ಯಾರೂ ಇಲ್ಲ."

"ಅದನ್ನ ತೆಗೆದುಬಿಡಿ."

"ಲಗತ್ತಿಸಿದ್ದನ್ನ ತೆಗೆಯೋ ಹಾಗಿಲ್ಲ."

"ಹಾಗಾದ್ರೆ ನೀವೇ ಬಂದು ಇನ್ನೊಮ್ಮೆ ಕೇಳಿ."

ಅವರು ನಿಜವಾಗಿಯೂ ನೊಂದುಕೊಂಡರು. "ಒಂದು ಸಮುದಾಯ ಬೇಡ ಅಂದಮೇಲೆ ಮತ್ತೆ ಮತ್ತೆ ಕೇಳೋದು ಒತ್ತಾಯ ಆಗುತ್ತೆ. ಜನರ ನಿರ್ಧಾರ ಗೌರವಿಸೋದು ಹೇಗೆ ಅಂತ ನಮಗೆ ತರಬೇತಿ ಆಗಿದೆ. ಅದರಲ್ಲಿ ನಾನು ಮೊದಲ ದರ್ಜೆ ಪಾಸು." ಈಗ ದಾರಿ ಒಂದೇ: ಸಂಘದ ಅಧ್ಯಕ್ಷರು ತಾವಾಗಿ ಅರ್ಜಿ ಕೊಡಬೇಕು, ಗುರುವಾರ ಪುರಸಭೆಯ ಸಭೆ ಒಪ್ಪಬೇಕು. ಶನಿವಾರ ವಿಮಾನ ಹೊರಡುತ್ತದೆ. ಅದು ತಪ್ಪಿದರೆ ಮುಂದಿನದು ಯಾವಾಗೆಂದು ಯಾರಿಗೂ ಗೊತ್ತಿಲ್ಲ.

ಅಪ್ಪನಿಗೆ ಹೇಳಿದೆ. ಟೇಪನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡರು.

"ನಾನಾಗಿ ಹೋಗಿ ಬೇಕು ಅನ್ನೋದಾ? ನನ್ನಪ್ಪ ಅಂದಿಲ್ಲ, ನನ್ನಜ್ಜ ಅಂದಿಲ್ಲ. ಅವರು ಇನ್ನೊಂದ್ಸಲ ಕೇಳ್ಲಿ, ಆಮೇಲೆ ನೋಡೋಣ."

"ನೀವು ಅರ್ಜಿ ಕೊಡದೆ ಅವರು ಕೇಳಲ್ಲ ಅಪ್ಪ."

"ಅವರು ಕೇಳದೆ ನಾನು ಕೊಡಲ್ಲ."

"ನಿಮ್ಮ ತಂಗಿ—"

"ನನ್ನ ತಂಗಿ ಅನ್ನೋದು ನನಗೆ ಗೊತ್ತಿಲ್ವಾ?" ಎಂದು ಕೂಗಿ, ಒಳಗೆ ಹೋಗಿ ಬಟ್ಟೆ ಬದಲಿಸುವ ಕೋಣೆಯ ಪರದೆ ಎಳೆದುಕೊಂಡು ಕೂತರು. ಗಿರಾಕಿಯೊಬ್ಬ ಪ್ಯಾಂಟು ಹಿಡಿದು ಹೊರಗೆ ಕಾದು ಕಾದು ಹೋದ.

ಅಕ್ಟೋಬರ್ ೧೪, ಮಂಗಳವಾರ

ಅತ್ತೆಯ ಫೋನು, ಅರ್ಧ ನಿಮಿಷ. ಹೆಲಿಕಾಪ್ಟರಿನಿಂದ ನೀರಿನ ಬಾಟಲಿ ಎಸೆದರಂತೆ, ಬಹಳಷ್ಟು ಒಡೆದವಂತೆ. "ಬಾಯಾರಿಕೆ ಅಂದವರಿಗೆ ಮಗ್ಗಿ ಹೇಳಿಸ್ತಿದೀನಿ. ದೊಡ್ಡವರಿಗೂ. ನಿನ್ನೆ ಹಳೇ ಪೋಸ್ಟ್ ಮಾಸ್ಟರು ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಬಿದ್ರು." ನಕ್ಕಳು. ನಗು ಕೆಮ್ಮಾಯಿತು.

ಮತ್ತೆ ಪುರಸಭೆಗೆ ಓಡಿದೆ. ನಮ್ಮ ಪದ್ಧತಿಯನ್ನು ಸ್ಟೇಪ್ಲರಮ್ಮನಿಗೆ ಮೊದಲಿನಿಂದ ವಿವರಿಸಿದೆ. ಅವರಿಗೆ ಹಿಡಿಯಲೇ ಇಲ್ಲ. "ಬೇಕು ಅನ್ನೋರು ಬೇಡ ಅಂತ ಯಾಕನ್ನಬೇಕು?" ಎನ್ನುತ್ತಲೇ ಡ್ರಾಯರಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಕಡೆಗೆ ಚಾಚಿದರು. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. "ಬೇಡ" ಅಂದೆ. ಅವರು ಡಬ್ಬಿ ಮುಚ್ಚಿ ಒಳಗಿಟ್ಟರು.

ನಾನು ಮಾತು ಮುಂದುವರಿಸಿದೆ. ಆದರೆ ಕಣ್ಣು ಡ್ರಾಯರಿನ ಮೇಲೇ ಇತ್ತು ಅಂತ ಕಾಣುತ್ತದೆ. ಅವರು ನಡುವೆಯೇ ತಡೆದರು.

"ನಿಮಗೆ ಬೇಕಿತ್ತಾ?"

"ಇಲ್ಲ ಇಲ್ಲ."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಡಬ್ಬಿಯನ್ನು ನಿಧಾನವಾಗಿ ಹೊರತೆಗೆದರು. "ತಗೊಳ್ಳಿ, ಬೇಡವಾ?"

"ಎರಡು ಕೊಡಿ."

"ಓ!" ಅಂದರು. ಎದ್ದೇಬಿಟ್ಟರು, ತಲೆ ಮೆಟ್ಟಿಲಿಗೆ ಬಡಿಯಿತು. "ಓ! ಹಾಗಾದ್ರೆ ಹೋದ ವರ್ಷ ನೀವು ಬೇಡ ಅಂದ ಆಟದ ಮೈದಾನ? ಲೈಬ್ರರಿ? ಉಚಿತ ಕಣ್ಣಿನ ತಪಾಸಣೆ?"

"ಎಲ್ಲಾ ಬೇಕಿತ್ತು" ಅಂದೆ. ನಾನೂ ಇವತ್ತೇ ಲೆಕ್ಕ ಹಾಕಿದ್ದು.

ಬಹಳ ಹೊತ್ತು ಇಬ್ಬರೂ ಬಿಸ್ಕತ್ತು ತಿಂದೆವು. ಆಮೇಲೆ ಅವರ ಕಣ್ಣಲ್ಲಿ ಒಂದು ಬೆಳಕು ಬಂತು. ಅರ್ಜಿ ಇಲ್ಲದೆಯೂ ಮತ್ತೆ ಕೇಳುವ ಅಧಿಕಾರ ಪುರಸಭೆಗೆ ಇದೆ, ಆದರೆ ಅದಕ್ಕೊಂದು ಠರಾವು ಬೇಕು. ಬರೆಯುತ್ತಾ ಕೂತರು. ಪ್ರತಿ ಪದವನ್ನೂ ಇಬ್ಬರೂ ಜಗಳವಾಡಿ ಇಟ್ಟೆವು. 'ಮೂರು ಬಾರಿ ಕೇಳಬಹುದು' ಎಂದು ಅವರು ಬರೆದಿದ್ದರು. 'ಬಹುದು' ಅಂದರೆ ಯಾರೋ ಒಬ್ಬ ಎರಡಕ್ಕೇ ಎದ್ದು ಹೋಗುತ್ತಾನೆ ಎಂದು ನಾನು 'ಕೇಳತಕ್ಕದ್ದು' ಮಾಡಿಸಿದೆ. 'ತಕ್ಕದ್ದು' ಒಳ್ಳೆಯ ಪದ. ಅದರಲ್ಲಿ ಬಿಗಿ ಇದೆ.

ಆತ್ಮವಿಮರ್ಶೆಗೆ ಸಮಯವಾಗಲಿಲ್ಲ.

ಅಕ್ಟೋಬರ್ ೧೫, ಬುಧವಾರ

ಮನೆಯಲ್ಲಿ ತಾಲೀಮು. ಪುರಸಭೆಯ ಅಧ್ಯಕ್ಷೆಯಾಗಿ ಅಮ್ಮ, ಕೈಯಲ್ಲಿ ಸೌಟು. ಅಪ್ಪನಿಗೆ ನಿರಾಕರಿಸುವುದರಲ್ಲಿ ಎಂಥ ಪ್ರತಿಭೆ! ಮೊದಲ ಬೇಡಕ್ಕೆ ಕೈ ಎದೆಗೆ, ಎರಡನೆಯ ಬೇಡಕ್ಕೆ ಕಣ್ಣು ನೆಲಕ್ಕೆ. ಮೂರನೆಯ ಸಲವೂ ಬೇಡ ಅಂದುಬಿಟ್ಟರು.

"ಅಪ್ಪ, ಮೂರಕ್ಕೆ ಒಪ್ಪಬೇಕು."

"ನಿಮ್ಮಮ್ಮ ಸರಿಯಾಗಿ ಬಲವಂತ ಮಾಡ್ತಿಲ್ಲ."

"ಮೂವತ್ತು ವರ್ಷದಿಂದ ಮಾಡ್ತಿದೀನಿ, ಸಾಕಾಗಿದೆ" ಅಂದಳು ಅಮ್ಮ. "ಈ ಸಲ ತಗೊಳ್ಳದಿದ್ರೆ ಸೌಟಲ್ಲಿ ಬಡೀತೀನಿ, ಅಂತ ಠರಾವಲ್ಲಿ ಸೇರಿಸಿ."

ಅಕ್ಟೋಬರ್ ೧೬, ಗುರುವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅತ್ತೆ ಫೋನು ಮಾಡಿದಳು. ದನಿ ಯಾರದೋ ಅನ್ನಿಸಿತು. "ಇವತ್ತು ಮಗ್ಗಿ ಹೇಳಿಸ್ಲಿಲ್ಲ ಅಣ್ಣಾ. ನಾಲಿಗೆ ಅಂಟ್ಕೊಳ್ಳುತ್ತೆ." ಮರುಕ್ಷಣವೇ, "ಆದ್ರೂ ನಮಗೇನೂ ಬೇಡ" ಅಂದಳು.

ಅಪ್ಪ ಕೋಟಿನ ಗುಂಡಿ ಹಾಕಿಕೊಂಡರು. ಒಂದು ಮೇಲೆ, ಒಂದು ಕೆಳಗೆ. ಅಪ್ಪ, ದರ್ಜಿ! ನಾನು ಸರಿಮಾಡಲು ಹೋದರೆ ಕೈ ತಳ್ಳಿದರು.

ಸಭಾಂಗಣದ ಹಿಂದಿನ ಬೆಂಚುಗಳಲ್ಲಿ ನಮ್ಮ ಇಡೀ ಬೀದಿ ಕೂತಿತ್ತು. ನಮ್ಮ ಮುಂಚಿನ ವಿಷಯ ಪಾರ್ಕಿನ ಬೇಲಿಗೆ ಹಸಿರು ಬಣ್ಣವೋ ಕಂದು ಬಣ್ಣವೋ ಎಂಬುದು. ಮುಗಿಯುವಷ್ಟರಲ್ಲಿ ಬೇಕರಿ ಮಾವ ಹಸಿರಿನ ಪರವಾಗಿ ಕೈ ಎತ್ತಿಬಿಟ್ಟಿದ್ದರು. ಆಮೇಲೆ ಸ್ಟೇಪ್ಲರಮ್ಮ ಎದ್ದು ನಮ್ಮ ಠರಾವು ಓದಿದರು. ಒಬ್ಬ ಸದಸ್ಯರು, "ಮೂರು ಯಾಕೆ? ಎರಡು ಸಾಲದಾ? ಸಮಯ ಉಳಿಯುತ್ತೆ" ಅಂದರು. ಇನ್ನೊಬ್ಬರು, ನಡುವೆ ಚಹಾ ವಿರಾಮ ಇರಲಿ ಅಂದರು. ನಾನು ಎದ್ದು ನಿಂತು ಭಾಷಣ ಮಾಡಬಹುದಿತ್ತು. ಮಾಡಲಿಲ್ಲ. ವಿರಾಮವನ್ನು ಕೈಬಿಟ್ಟು ಸಮಯ ಉಳಿಸಿದರೆ ಮೂರಕ್ಕೆ ಒಪ್ಪುತ್ತಾರೆಂದು ಸ್ಟೇಪ್ಲರಮ್ಮನ ಕಿವಿಯಲ್ಲಿ ಹೇಳಿದೆ. ಹಾಗೇ ಆಯಿತು. ಠರಾವು ಪಾಸಾಯಿತು.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಅಪ್ಪನ ಕಡೆ ತಿರುಗಿದರು. "ಮೊದಲನೆಯ ಬಾರಿ ಕೇಳುತ್ತಿದ್ದೇನೆ. ನಿಮ್ಮ ಊರಿನ ಜನರಿಗೆ ನಮ್ಮ ನೀರಿನ ಯಂತ್ರ—"

"ಬೇಕು" ಅಂದರು ಅಪ್ಪ.

ನಾನಿನ್ನೂ ಅನುವಾದಿಸಿಯೇ ಇರಲಿಲ್ಲ. ಇಲ್ಲಿಯ ಭಾಷೆಯಲ್ಲೇ ಅಂದಿದ್ದರು. ಹಿಂದಿನ ಬೆಂಚುಗಳಲ್ಲಿ ಯಾರೋ ಉಸಿರೆಳೆದುಕೊಂಡರು.

"ಅಪ್ಪ" ಎಂದು ಪಿಸುಗುಟ್ಟಿದೆ. "ಇದು ಮೊದಲನೇ ಸಲ."

"ಗೊತ್ತು, ಸುಮ್ನಿರು. ನನ್ನ ತಂಗಿಗೆ ನೀರು ಬೇಕು ಅಂತ ಹೇಳು. ಶಾಲೆಯಲ್ಲಿರೋ ಎಲ್ಲರಿಗೂ ಬೇಕು ಅಂತ ಹೇಳು. ನಾವು ಕೇಳ್ತಿದೀವಿ ಅಂತ ಹೇಳು."

ಹೇಳಬೇಕಿತ್ತು. ಅಷ್ಟು ಕರಪತ್ರ ಬರೆದವಳಿಗೆ ಮೂರು ವಾಕ್ಯ ಬರಲಿಲ್ಲ. ಹೇಗೋ ಹೇಳಿದೆ.

ಅಧ್ಯಕ್ಷೆ ತಲೆಯಾಡಿಸಿ, ಠರಾವಿನ ಹಾಳೆ ನೋಡಿ, ಮತ್ತೆ ಕನ್ನಡಕ ಸರಿಮಾಡಿಕೊಂಡರು. "ಎರಡನೆಯ ಬಾರಿ ಕೇಳುತ್ತಿದ್ದೇನೆ."

"ಬೇಕು ಅಂದ್ನಲ್ಲ!"

"ಈಗಾಗಲೇ ಒಪ್ಪಿದಾರೆ, ಬಿಟ್ಟುಬಿಡಿ" ಅಂದೆ ನಾನು.

"ಬಿಡೋ ಹಾಗಿಲ್ಲ" ಅಂದರು ಅಧ್ಯಕ್ಷೆ. "'ಕೇಳತಕ್ಕದ್ದು' ಅಂತಿದೆ. ಮೂರನೆಯ ಬಾರಿ—"

"ಬೇಕು, ಬೇಕು, ಬೇಕು!" ಅಪ್ಪ ಕುರ್ಚಿ ತಳ್ಳಿ ಎದ್ದರು. "ಇವರಿಗೇನು ಕಿವಿ ಕೇಳಲ್ವಾ? ಹುಟ್ಟಿದಾಗಿಂದ ಒಂದ್ಸಲ ಬೇಕು ಅಂದವನಲ್ಲ ನಾನು, ಒಂದೇ ದಿನ ಇಷ್ಟು ಸಲ ಅನ್ನಿಸ್ತಿದಾರಲ್ಲ!"

ಸ್ಟೇಪ್ಲರಮ್ಮ ಟಪ್ ಅನ್ನಿಸಿದರು.

ಹೊರಗೆ ಅಪ್ಪ ಪುರಸಭೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಎಲ್ಲರೆದುರು ಕೇಳಿಬಿಟ್ಟೆ" ಅಂದರು. ಬೀದಿಯವರು ಸುತ್ತ ನಿಂತಿದ್ದರು. ಬೇಕರಿ ಮಾವ ಪಕ್ಕದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ಹಸಿರು ಬಣ್ಣಾನೂ ಪಾಸಾಯ್ತು" ಅಂದರು. ನಾನು ಬಗ್ಗಿ ಅಪ್ಪನ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿದೆ. ಈ ಸಲ ತಳ್ಳಲಿಲ್ಲ.

ಅಕ್ಟೋಬರ್ ೧೭, ಶುಕ್ರವಾರ

ವಿಮಾನ ನಿಲ್ದಾಣದಿಂದ ಶಾಲೆಗೆ ಗಾಡಿ ಹೋಗುವ ದಾರಿ ಯಾವುದೆಂದು ಸ್ಟೇಪ್ಲರಮ್ಮ ಕೇಳಿದರು. ಹಿರಿಯರೆಲ್ಲ ಅಂಗಡಿಯಲ್ಲಿ ಸೇರಿ ಅಸ್ತರಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಊರಿನ ನಕ್ಷೆ ಬರೆದರು. ಪ್ರತಿಯೊಬ್ಬರೂ ತಂತಮ್ಮ ಮನೆಯನ್ನು ಎಲ್ಲಕ್ಕಿಂತ ದೊಡ್ಡದಾಗಿ ಬರೆದದ್ದರಿಂದ ರಸ್ತೆಗೆ ಜಾಗವೇ ಉಳಿಯಲಿಲ್ಲ. ನಾನು ಎಲ್ಲರ ಮನೆಗಳನ್ನೂ ಒರೆಸಿ ಹಾಕಿದೆ. ಬೈಗುಳ ತಿಂದೆ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಸಿಕ್ಕಿತು.

ಅಕ್ಟೋಬರ್ ೧೮, ಶನಿವಾರ

ಹೊರಟಿತು. ಮೆಕ್ಯಾನಿಕ್ ಉದ್ದನೆಯ ಮೌನಿ. ಅವನಿಗೆ ಅಲ್ಲಿಯ ರೀತಿನೀತಿ ಹೇಳಿಕೊಡಲು ವಿಮಾನ ನಿಲ್ದಾಣದವರೆಗೂ ಹೋದೆ: ಯಾರೇ ಬೇಡ ಅಂದರೂ ನೀರು ಕೊಡು, ಮೂರು ಸಲ ಕೇಳು. ಅವನು ಅಂಗೈ ಮೇಲೆ ಬರೆದುಕೊಂಡ. ಅವನೇ ಬೇಡ ಅಂದರೆ ಅಲ್ಲಿಯವರು ಏನು ಮಾಡುತ್ತಾರೆಂದು ಹೇಳಲು ಮರೆತೆ.

ಅಕ್ಟೋಬರ್ ೨೦, ಸೋಮವಾರ

ಸುದ್ದಿ ಇಲ್ಲ. ರಸ್ತೆ ಕೊಚ್ಚಿಹೋಗಿದೆಯಂತೆ.

ಅಕ್ಟೋಬರ್ ೨೨, ಬುಧವಾರ

ಅತ್ತೆಯ ಫೋನು ಹತ್ತುತ್ತಿಲ್ಲ. ಅಪ್ಪ ದಾರ ಪೋಣಿಸುತ್ತಾರೆ, ಹೊಲಿಯುವುದಿಲ್ಲ.

ಸಂಘದ ಹಾಲಿನ ಬಟ್ಟೆಯ ಗುಡ್ಡ ವಿಂಗಡಿಸುವ ಕೆಲಸ ನನ್ನ ಮೇಲೆ ಬಿದ್ದಿದೆ. ಉಣ್ಣೆಯದನ್ನೆಲ್ಲ ಇಲ್ಲಿಯ ನಿರಾಶ್ರಿತರ ಮನೆಗೆ ಕೊಡುವುದೆಂದು ಪುರಸಭೆಯೊಡನೆ ಮಾತಾಡಿ ಮುಗಿಸಿದ್ದೆ. ಸಂಗಾತಿ ಬಂದ. ನಾನು ಪುರಸಭೆಯ ಬಾಲವಾಗಿದ್ದೇನೆ, ಅಧಿಕಾರಶಾಹಿಯ ಜೊತೆ ಬಿಸ್ಕತ್ತು ತಿನ್ನುತ್ತೇನೆ, ಚಳವಳಿಗೆ ದ್ರೋಹ ಬಗೆದಿದ್ದೇನೆ ಎಂದು ವಲಯದ ತುರ್ತು ಸಭೆ ಕರೆದ. ಮತ ಹಾಕಿದೆವು. ಸಮ ಬಂತು. "ಮುಂದಿನ ಬುಧವಾರ ಮುಂದುವರಿಸೋಣ" ಅಂದೆ. "ಈಗ ಆ ಮೂಟೆಯ ಇನ್ನೊಂದು ತುದಿ ಹಿಡಿ." ಹಿಡಿದ. ಸಂಜೆಯವರೆಗೂ ಹಿಡಿದ. ಅವನೂ ಒಳ್ಳೆಯವನೇ, ಸ್ವಲ್ಪ ಮಾತು ಜಾಸ್ತಿ ಅಷ್ಟೆ.

ಅಕ್ಟೋಬರ್ ೨೫, ಶನಿವಾರ

ಅಂಗಡಿಯ ಫೋನಿಗೇ ಬಂತು. ಅಪ್ಪ ಆತುರದಲ್ಲಿ ಎತ್ತಲು ಹೋಗಿ ಬೀಳಿಸಿದರು. ನಾನು ಎತ್ತಿ ಎಲ್ಲರಿಗೂ ಕೇಳುವಂತೆ ಹೊಲಿಗೆ ಮಿಷನ್ನಿನ ಹಲಗೆ ಮೇಲಿಟ್ಟೆ. ಅಮ್ಮ ಒದ್ದೆ ಕೈಯಲ್ಲೇ ಬಂದಳು. ಬೇಕರಿ ಮಾವ ರಸ್ತೆ ದಾಟಿ ಬಂದರು.

"ಅಣ್ಣಾ, ಯಂತ್ರ ಬಂತು! ಮೊನ್ನೆ ಸಂಜೆ. ಏನು ಶಬ್ದ ಅಂತೀಯ, ಪಾಠ ಕೇಳಿಸಲ್ಲ. ಇಡೀ ಕೇರಿ ಕೊಡ ಹಿಡ್ಕೊಂಡು ನಿಂತಿದೆ. ಆ ನಿಮ್ಮ ಮೆಕ್ಯಾನಿಕ್ಕು ಎಂಥ ಸಂಕೋಚದ ಮನುಷ್ಯ! ಊಟಕ್ಕೆ ಏನು ಬಡಿಸಿದ್ರೂ ಬೇಡ ಬೇಡ ಅಂತಾನೆ. ನಾವು ಬಿಡ್ತೀವಾ? ಇದ್ದದ್ದರಲ್ಲೇ ಎಲ್ಲರ ಪಾಲಿಂದ ತೆಗೆದು ಬಡಿಸ್ತಿದೀವಿ. ಇವತ್ತು ಯಾಕೋ ಮಲಗೇ ಇದಾನೆ, ಹೊಟ್ಟೆ ಹಿಡ್ಕೊಂಡು."

"ಅವನು ನಿಜವಾಗ್ಲೂ ಬೇಡ ಅಂತಿರೋದು ಅತ್ತೇ!" ನಾನು ಕೂಗಿದೆ.

"ಹೌದಾ?" ಅಂದಳು, ನಂಬಿಕೆಯಿಲ್ಲದೆ. "ಹಾಗೂ ಇರ್ತಾರಾ?"

ದನಿ ಇನ್ನೂ ಒಡಕಾಗಿತ್ತು. ಅಪ್ಪ ಅಷ್ಟು ಹೊತ್ತೂ ಅದನ್ನೇ ಕೇಳುತ್ತಿದ್ದರು ಅಂತ ಕಾಣುತ್ತದೆ. ಫೋನಿನ ಹತ್ತಿರ ಬಗ್ಗಿದರು.

"ನೀನು ಕುಡಿದ್ಯಾ?"

"ಕುಡೀತೀನಿ ಬಿಡು. ಎಲ್ಲಾರದ್ದೂ ಆಗ್ಲಿ ಅಂತ. ಮಕ್ಕಳು, ವಯಸ್ಸಾದೋರು… ನಾಲಿಗೆ ಒದ್ದೆ ಮಾಡ್ಕೊಳ್ಳೋಷ್ಟು ಕುಡಿದೆ. ನನಗೇನೂ ಅಂಥ—"

"ಅಲ್ಲಿ ಲೋಟ ಇದ್ಯಾ?"

"ಇದೆ ಅಣ್ಣಾ, ಆದ್ರೆ ಇಲ್ಲಿ ಎಲ್ಲರೂ ನಿಂತಿರೋವಾಗ ನಾನು—"

"ತುಂಬಿಸ್ಕೋ."

"ಬೇಡ, ಆಮೇಲೆ—"

"ನಾನು ನಿನ್ನ ಕೇಳ್ತಿಲ್ಲ" ಅಂದರು ಅಪ್ಪ. "ಹೇಳ್ತಿದೀನಿ. ತುಂಬಿಸ್ಕೋ. ನನಗೆ ಕೇಳಿಸೋ ಹಾಗೆ ಕುಡಿ."

ಆ ಕಡೆ ಯಂತ್ರದ ಗುಡುಗು, ಜನರ ಗದ್ದಲ. ಯಾರೋ "ಕೊಡಿ ಟೀಚರ್ ನಾನು ಹಿಡ್ಕೊಂಡ್ ಬರ್ತೀನಿ" ಅಂದದ್ದು ಕೇಳಿಸಿತು. ಆಮೇಲೆ ಅವಳು ಫೋನನ್ನು ಬಾಯಿಯ ಬಳಿಯೇ ಹಿಡಿದುಕೊಂಡಿರಬೇಕು. ಗುಟುಕು. ಇನ್ನೊಂದು. ಆತುರದ ಗುಟುಕುಗಳು, ನಡುವೆ ಉಸಿರು. ಅಪ್ಪ ತುಟಿ ಸ್ವಲ್ಪ ತೆರೆದುಕೊಂಡು, ಚಿಕ್ಕ ಮಗುವಿಗೆ ಕುಡಿಸುವವರ ಹಾಗೆ, ಪ್ರತಿ ಗುಟುಕಿಗೂ ತಾವೂ ನುಂಗುತ್ತಿದ್ದರು.

ಲೋಟ ಕೆಳಗಿಟ್ಟ ಸದ್ದಾಯಿತು.

"ಇನ್ನೊಂದು" ಅಂದರು ಅಪ್ಪ.

ಅತ್ತೆ ಬೇಡ ಅನ್ನಲಿಲ್ಲ. ಸುರಿಯುವ ಸದ್ದು ಕೇಳಿಸಿತು. ಎರಡನೆಯ ಲೋಟವನ್ನು ಅವಳು ನಿಧಾನವಾಗಿ ಕುಡಿದಳು.